ಮಹಾಪೆಯ ಏರಿನಲ್ಲಿ ನಿಂತ ಹೊಸ ಕಾರು

ಮೇಲಿನ ಮನೆಯ ಕಾಕಾ,

ನಮ್ಮ ಕಾರಿನ ತೀರ್ಪು ಬಂತು. ಹೇಳೋಣವೆಂದು ನಿಮ್ಮ ಮನೆಯ ಮೆಟ್ಟಿಲು ಹತ್ತತೊಡಗಿದವಳು ನಡುವೆಯೇ ನಿಂತುಬಿಟ್ಟೆ. ನೀವಿಲ್ಲ ಎಂಬುದು ನನ್ನ ಕಾಲಿಗೆ ಇನ್ನೂ ಗೊತ್ತಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಡೊಂಬಿವಲಿಯ ನಮ್ಮ ಸೊಸೈಟಿಗೆ ಆ ಬಿಳಿ ಕಾರು ಬಂದ ಸಂಜೆ ನೆನಪಿದೆಯೇ? ತುರ್ಭೆಯ ಕಾರ್ಖಾನೆಯ ಜೀಪನ್ನು ನಿವೃತ್ತಿಯವರೆಗೆ ಓಡಿಸಿದ ಅಪ್ಪ, ಮೊದಲ ಸಲ ತಮ್ಮದೇ ಗಾಡಿಯಿಂದ ಇಳಿದಿದ್ದರು. ನೀವು ಬಾಲ್ಕನಿಯಿಂದ ಕೂಗಿದಿರಿ: "ಏನ್ರೀ ಶೆಟ್ರ, ಇನ್ನ ಮ್ಯಾಲ ನಿಮ್ಮನ್ನ ಸಾಹೇಬ್ರ ಅನಬೇಕೇನು?"

"ಸಾಹೇಬ ಎಂತದು ಮಾರಾಯ್ರೇ, ಡ್ರೈವರೇ," ಎಂದರು ಅಪ್ಪ. ಆ ಒಂದು ಮಾತಿನಲ್ಲಿ ಎಷ್ಟು ಹೆಮ್ಮೆ ಇತ್ತು!

ಮೊದಲ ವಾರವೇ ಏರು ರಸ್ತೆಯಲ್ಲಿ ಎಂಜಿನ್ ಆರಿಹೋಯಿತು. ಘೋಡಬಂದರ್ ರಸ್ತೆಯ ಶೋರೂಮಿನವರು ಸರಿಮಾಡಿದೆವೆಂದು ಕೊಡುತ್ತಿದ್ದರು, ಅದು ಮತ್ತೆ ನಿಲ್ಲುತ್ತಿತ್ತು. ಪ್ರತಿ ಸಲವೂ ಕೀಲಿ ಕೈಗೆ ಬರಬೇಕಾದರೆ 'ಕೆಲಸ ತೃಪ್ತಿಕರ' ಎಂಬಲ್ಲಿ ಸಹಿ ಹಾಕಬೇಕು. ಅಪ್ಪ ಹಾಕುತ್ತಿದ್ದರು. ಚಹಾ ಕುಡಿಸಿ ಅಂಕಲ್ ಎಂದು ಕರೆದವರಿಗೆ ತೃಪ್ತಿಯಿಲ್ಲ ಎಂದು ಬರೆದುಕೊಡುವುದು ಹೇಗೆ ಎನ್ನುವ ಮನುಷ್ಯ ಅವರು. ಕೊನೆಗೆ ಮ್ಯಾನೇಜರ್ ಅವೇ ಸಹಿಗಳನ್ನು ತೋರಿಸಿ, "ಅಂಕಲ್, ಗಾಡಿ ಏಕ್‌ದಮ್ ಠೀಕ್ ಹೈ. ಆಪ್‌ಕೋ ಚಲಾನಾ ನಹೀ ಆತಾ," ಎಂದುಬಿಟ್ಟ. ಓಡಿಸಲು ಬರುವುದಿಲ್ಲವಂತೆ! ಜೀವನವಿಡೀ ಅದನ್ನೇ ಮಾಡಿದವರಿಗೆ... ಅಂದು ಅಪ್ಪ ಕಾರನ್ನು ಅಲ್ಲೇ ಬಿಟ್ಟು ಲೋಕಲ್ ರೈಲಿನಲ್ಲಿ ಬಂದರು. ಆಮೇಲೆ ಶೋರೂಮಿನವರು ಅದನ್ನು ತಂದು ನಿಲ್ಲಿಸಿ ಹೋದರೂ ಅಪ್ಪ ಸ್ಟಿಯರಿಂಗ್ ಮುಟ್ಟಲಿಲ್ಲ.

ನಾನೋ, ಥಾಣೆ ಸ್ಟೇಷನ್ನಿನ ಹೊರಗೆ ಸಿಕ್ಕ ಗ್ರಾಹಕ ಹಕ್ಕುಗಳ ಕರಪತ್ರಗಳನ್ನೆಲ್ಲ ಬಾಯಿಪಾಠ ಮಾಡಿದ್ದವಳು. ನ್ಯಾಯವೆಂದರೆ ಘೋಷಣೆ ಎಂದುಕೊಂಡಿದ್ದೆ. ಕಾರಿಗೆ ಕತ್ತೆ ಕಟ್ಟಿ ಶೋರೂಮಿನವರೆಗೆ ಎಳೆಸುತ್ತೇನೆ, ಪತ್ರಿಕೆಯವರನ್ನು ಕರೆಸುತ್ತೇನೆ ಎಂದು ನಿಮ್ಮೆದುರು ಕೂಗಾಡಿದೆ. ಕಲ್ಯಾಣದಲ್ಲಿ ಕತ್ತೆ ಸಿಗುವ ಜಾಗವನ್ನೂ ವಿಚಾರಿಸಿಕೊಂಡು ಬಂದಿದ್ದೆ. ನೀವು ಅವಲಕ್ಕಿ ತಿನ್ನುತ್ತಾ ಪೂರ್ತಿ ಕೇಳಿಸಿಕೊಂಡಿರಿ.

"ಕತ್ತೆ ಮುಂದ, ಕಾರು ಹಿಂದ. ಒಳಗ ಯಾರನ್ನ ಕುಂದ್ರಸ್ತಿ?"

"ಸ್ಟಿಯರಿಂಗ್ ಹಿಡಿಯೋಕೆ... ಅಪ್ಪ."

"ಹಂಗಾರ ಮಂದಿ ಯಾರನ್ನ ನೋಡಿ ನಗ್ತಾರ, ಹೇಳವಾ?"

ಕತ್ತೆಯನ್ನು ಅಲ್ಲಿಗೇ ಬಿಟ್ಟೆ. "ಸಿಟ್ಟು ಬಿಡಬ್ಯಾಡ," ಎಂದಿರಿ. "ಅದನ್ನ ಗ್ರಾಹಕರ ಕೋರ್ಟಿಗೆ ತಗೊಂಡ್ ಹೋಗು." ಸಿಟ್ಟು ಬಿಡು ಎನ್ನದ ಹಿರಿಯರು ನನಗೆ ಬೇರೆ ಯಾರಿದ್ದರು ಕಾಕಾ?

ವಕೀಲರಿಲ್ಲದೆ ನಾನೇ ವಾದಿಸಿದೆ. ಶೋರೂಮಿನವರು ಅಪ್ಪನ ಸಹಿಗಳನ್ನು ಎದುರಿಗಿಟ್ಟಾಗ ಉತ್ತರ ಯಾವ ಕರಪತ್ರದಲ್ಲೂ ಇರಲಿಲ್ಲ. ಕಾರನ್ನು ರಸ್ತೆಯಲ್ಲೇ ಪರೀಕ್ಷಿಸಲು ಕೋರ್ಟು ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರೊಬ್ಬರನ್ನು ನೇಮಿಸಿತು. ಆಗ ನೀವು ಹೇಳಿಕೊಟ್ಟಿರಿ: "ಶೋರೂಮಿನವರ ಡ್ರೈವರ್ರ ಓಡಸ್ಲಿ ಅನ್ನು. ನಿಮ್ಮಪ್ಪ ಕೀಲಿ ಮುಟ್ಟೂದ ಬ್ಯಾಡ."

"ಅವನ ಕೈಯಲ್ಲಿ ನಿಲ್ಲದೇ ಹೋದ್ರೆ?"

"ಗಾಡಿ ಚಲೋ ಅದ ಅಂತಾತು. ಖರೇ ಏನಂತ ಹುಡಕೂದಿದ್ರ ಅದಕ್ಕೂ ತಯಾರಿರಬೇಕು."

ಶಿಲ್‌ಫಾಟಾ ದಾಟಿ ಮಹಾಪೆಯ ಏರು ಹತ್ತಿದೆವು. ಮುಂದೆ ಅವರ ಡ್ರೈವರ್ ಮತ್ತು ಮೇಷ್ಟ್ರು. ಹಿಂದೆ ಅಪ್ಪ, ನೀವು, ನಾನು. ಅಪ್ಪನ ಎಡಗಾಲು ಅಲ್ಲಿಲ್ಲದ ಕ್ಲಚ್ಚನ್ನು ಒತ್ತುತ್ತಿತ್ತು. ಲಾರಿಗಳ ನಡುವೆ ಎಂಜಿನ್ ಒಮ್ಮೆ ನಡುಗಿ ಆರಿಹೋಯಿತು. ಡ್ರೈವರ್ ಕೀಲಿ ತಿರುಗಿಸಿದ, ಮತ್ತೆ ತಿರುಗಿಸಿದ. ಕೊನೆಗೆ, "ಕಾಕಾ, ಗಾಡೀತಚ ಪ್ರಾಬ್ಲೆಮ್ ಆಹೇ," ಎಂದು ಗಾಡಿಯನ್ನೇ ದೂರಿದ. ನೀವು ಬಿಟ್ಟೀರಾ? ಮ್ಯಾನೇಜರನ ಮಾತನ್ನೇ ಮರಾಠಿ ಮಾಡಿ, "ನಾಹೀ ರೇ ಬಾಬಾ, ತುಲಾ ಚಾಲವತಾ ಯೇತ ನಾಹೀ," ಎಂದಿರಿ. ಮೇಷ್ಟ್ರೂ ನಕ್ಕರು. ಅಪ್ಪ ನಗಲಿಲ್ಲ. ನಿಮ್ಮ ಕೈ ಹಿಡಿದು ಕುಳಿತರು.

ಆಮೇಲೆ ತಾರೀಖು ಮುಂದಕ್ಕೆ ಹೋಗುತ್ತಲೇ ಇತ್ತು. ಆಸ್ಪತ್ರೆಯಲ್ಲೂ "ಕಾರಿಂದು ಏನಾತು?" ಎನ್ನುತ್ತಿದ್ದಿರಂತೆ, ನಿಮ್ಮ ಮನೆಯ ಕಾಕೂ ಹೇಳಿದರು. ನೀವು ಇನ್ನೊಂದಿಷ್ಟು ದಿನ ತಡೆದಿದ್ದರೆ...

ಈಗ ಕೇಳಿ. ದೋಷ ತಯಾರಿಕೆಯದು, ಚಾಲಕನದಲ್ಲ. ಕೀಲಿಗಾಗಿ ಹಾಕಿಸಿಕೊಂಡ ಸಹಿ ಒಪ್ಪಿಗೆಯಲ್ಲ. ಬದಲಿಗೆ ಹೊಸ ಕಾರು ಕೊಡಬೇಕು. ನಾನು ಇದನ್ನು ಕನ್ನಡದಲ್ಲಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ: "'ಚಾಲಕನದಲ್ಲ' ಅಂತ ಅದರಲ್ಲಿ ಉಂಟಾ? ನೀನು ಸೇರಿಸಿದ್ದಲ್ಲವಲ್ಲ?"

ನಿನ್ನೆ ಶೋರೂಮಿನಲ್ಲಿ, ಮನೆಯವರೆಗೆ ನಾವೇ ತಂದುಬಿಡುತ್ತೇವೆ ಎಂದರು. ಅಪ್ಪ ಕೀಲಿಗೆ ಕೈ ಚಾಚಿದರು. ಪಕ್ಕದಲ್ಲಿ ಕಾಕೂ ಕುಳಿತರು, ಹಿಂದೆ ಅಮ್ಮ ಮತ್ತು ನಾನು. ಘೋಡಬಂದರ್ ರಸ್ತೆಯಲ್ಲಿ ಒಂದು ರಿಕ್ಷಾ ಅಡ್ಡ ನುಗ್ಗಿತು ನೋಡಿ, ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ ಅಪ್ಪಟ ತುಳುವಿನಲ್ಲಿ ಬೈದರು. "ಏನಂದ್ರವಾ ನಿಮ್ಮಪ್ಪ?" ಎಂದು ಕಾಕೂ ನನ್ನತ್ತ ತಿರುಗಿದರು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಕಾಕೂಗೆ ಹೇಳುವಂಥದ್ದಲ್ಲ, ಇಲ್ಲಿ ಬರೆಯುವಂಥದ್ದೂ ಅಲ್ಲ. ಆದರೆ ಅಷ್ಟು ಚೆಂದದ ಬೈಗುಳ ನಮ್ಮ ಮನೆಯವರು ಕೇಳಿ ಬಹಳ ಕಾಲವಾಗಿತ್ತು, ಕಾಕಾ.

ನಿಮ್ಮ
ಸುಮನಾ