ಗ್ರೀಸಿನ ಅಜ್ಜಿಯ ಸಲಾತ

ನರಸಿಂಹರಾಜಪುರ
೧೨ ಮೇ ೧೯೪೬

ಅವ್ವನ ಪಾದಗಳಿಗೆ ನೀಲಾಂಬಿಕೆಯ ಶರಣಾರ್ಥಿ.

ನಿನ್ನ ಕಾರ್ಡು ಬಂತು. ನನ್ನನ್ನು ಕರೆತರಲು ಮಲ್ಲೇಶಣ್ಣನನ್ನು ಕಳುಹಿಸುತ್ತೇನೆಂದು ಬರೆದಿದ್ದೀಯೆ. ಕಳುಹಿಸಬೇಡ. ಈ ಮನೆಯಲ್ಲಿ ಇನ್ನು ಇರಲಾರೆ ಎಂದು ಬರೆದವಳು ನಾನೇ, ಅದು ಸುಳ್ಳಲ್ಲ. ಆದರೆ ಮೊನ್ನೆ ಶುಕ್ರವಾರ ನಮ್ಮ ಅಡುಗೆಮನೆಯಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ನಿನಗೆ ಹೇಳದೆ ಇರಲಾರೆ.

ಇವರು ದಂಡಿನಿಂದ ಬಂದು ಮೂರು ತಿಂಗಳಾಯಿತಲ್ಲ. ಬಂದ ದಿನದಿಂದ ಒಮ್ಮೆಯಾದರೂ ಕೂಸಿನ ಮಾತೆತ್ತಿರಲಿಲ್ಲ. ತೊಟ್ಟಿಲು ಅಟ್ಟದ ಮೇಲಿರುವುದು ಕಣ್ಣಿಗೆ ಬಿದ್ದರೂ ಸುಮ್ಮನಿದ್ದರು. ಇವರು ಹಡಗು ಹತ್ತಿದ ಮೇಲೆ ಹುಟ್ಟಿ, ಇವರು ಬರುವ ಮೊದಲೇ ತೀರಿಹೋದ ಮಗು. ಮುಖವನ್ನೇ ಕಾಣದವರಿಗೆ ಎಂಥ ನಂಟು ಎಂದುಕೊಂಡೆ. ದಂಡು ಹೋಗಿದ್ದ ದೇಶದಲ್ಲಿ ಇವರಿಗೆ ಇನ್ನೊಂದು ಸಂಸಾರ ಇದ್ದಿರಬೇಕೆಂದು ಪಕ್ಕದ ಮನೆಯ ಜಲಜಮ್ಮ ಹೇಳಿದಾಗ ಅದನ್ನೂ ನಂಬಿದೆ.

ಗುರುವಾರ ಬೆಳಿಗ್ಗೆ ಹಿತ್ತಿಲಿನಲ್ಲಿ ಇವರು ದೊಡ್ಡಪತ್ರೆಯ ಎಲೆಯೊಂದನ್ನು ಚಿವುಟಿ ಮೂಸಿ ನೋಡಿದರು. ಕೂಸಿಗೆ ಕೆಮ್ಮು ಬಂದಾಗ ನಾನು ರಸ ಹಿಂಡುತ್ತಿದ್ದ ಗಿಡ ಅದು. ಕಳೆದ ಶ್ರಾವಣದಿಂದ ನಾನು ಅದನ್ನು ಮುಟ್ಟಿಲ್ಲ. ಇವರು ಎಲೆ ಹಿಡಿದು ಬಹಳ ಹೊತ್ತು ಹಾಗೆಯೇ ನಿಂತರು. ಆಮೇಲೆ ಒಳಗೆ ಬಂದು, "ನೀಲಾ, ಗಟ್ಟಿ ಮೊಸರಿದ್ರೆ ಕೊಡು" ಎಂದರು. ಮೊಸರಿಗೆ ಉಪ್ಪು ಬೆರೆಸಿ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರು. ನೀರಿಳಿದ ಮೇಲೆ ಗಂಟಿನ ಮೇಲೆ ಗುಂಡುಕಲ್ಲು ಹೇರಿದರು. ನೀರು ಕುಡಿದ ಲೋಟವನ್ನೂ ಎತ್ತಿಡದವರು, ಅವ್ವ.

ಮರುದಿನ ಪೇಟೆಗೆ ಹೋಗಿ ಟೊಮೇಟೊ ತಂದರು. ಅತ್ತೆಗೆ ಅದು ಇಂದಿಗೂ ಚಪ್ಪರಬದನೆಯೇ. ಸೌತೆಕಾಯಿ, ಈರುಳ್ಳಿ, ಟೊಮೇಟೊ ಎಲ್ಲವನ್ನೂ ದಪ್ಪದಪ್ಪಗೆ ಹೆಚ್ಚಿ ಹಿತ್ತಾಳೆ ತಟ್ಟೆಗೆ ಹಾಕಿದರು. ಆ ದೇಶದಲ್ಲಿ ಇದಕ್ಕೆ ಒಂದು ಜಾತಿಯ ಹಸಿರು ಕಾಯಿ ಹಾಕುತ್ತಾರಂತೆ. ಅದಿಲ್ಲದ್ದಕ್ಕೆ ನಮ್ಮ ಭರಣಿಯ ಉಪ್ಪುನೀರಿನ ನೆಲ್ಲಿಕಾಯಿ ಬಿಡಿಸಿ ಹಾಕಿದರು. ಮೊಸರಿನ ಗಟ್ಟಿಯನ್ನು ಮೇಲೆ ಇಡಿಯಾಗಿ ಇಟ್ಟು, ಕೆಂಡದ ಬಿಸಿಗೆ ಬಾಡಿಸಿದ ದೊಡ್ಡಪತ್ರೆಯನ್ನು ಉದುರಿಸಿದರು.

"ಎಂತ ಮಾಡ್ತಿದ್ದಿ ಮಾರಾಯ? ಹಸೀದು ದನ ತಿಂತಾವೆ" ಎಂದರು ಅತ್ತೆ. ನಾನು ಸಾಸಿವೆ ಡಬ್ಬಿ ತೆಗೆದೆ. "ಒಗ್ಗರಣೆ ಬೇಡ ಕಣೆ. ಇದಕ್ಕೆ ಬೆಂಕಿ ತೋರಿಸಬಾರದು" ಎಂದರು ಇವರು. ಟ್ರಂಕಿನಿಂದ ಒಂದು ಚಿಕ್ಕ ಸೀಸೆ ತೆಗೆದು, ಅಲ್ಲಿಂದ ತಂದಿದ್ದ ಎಣ್ಣೆಯನ್ನು ಮೇಲೆ ಹನಿಸಿದರು. ಹೊಂಬಣ್ಣದ ಎಣ್ಣೆ, ಹಸಿ ಹುಲ್ಲಿನ ವಾಸನೆ. ಆ ಕೆಂಪು, ಹಸಿರು, ಬಿಳುಪಿನ ಮೇಲೆ ಅದು ಇಳಿಯುವುದನ್ನು ನೋಡುತ್ತಿದ್ದರೆ ಯಾವುದೋ ಪೂಜೆಯ ಮುಂದೆ ನಿಂತ ಹಾಗಾಯಿತು.

ತಟ್ಟೆಯನ್ನು ನನ್ನ ಮುಂದಿಟ್ಟು ಎದುರಿಗೇ ಕೂತರು. ಗಂಡಸು ಬಡಿಸಿ ಹೆಂಗಸು ಉಣ್ಣುವುದು ಹೇಗೆ ಎಂದು ಅತ್ತೆಯ ಮುಖ ನೋಡಿದೆ. ಅವರು ಸೆರಗು ಹೊದ್ದುಕೊಂಡು ಗೋಡೆಗೊರಗಿದ್ದರು.

ಆಗ ಇವರು ಹೇಳಿದರು. ಗ್ರೀಸ್ ದೇಶದ ಒಂದು ಹಳ್ಳಿಯಲ್ಲಿ ಇವರ ಲಾರಿಗಳು ತಂಗಿದ್ದವಂತೆ. ಕೂಸು ಹೋದ ಕಾಗದ ಕೈಗೆ ಬಂದದ್ದು ಅಲ್ಲಿಯೇ. ಓದಿ, ಎದುರಿಗೆ ಕಂಡ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಆ ಮನೆಯ ಮುದುಕಿ ಹೊರಗೆ ಬಂದಳು. ಮಾತು ಇವರದು ಅವಳಿಗೆ ತಿಳಿಯದು, ಅವಳದು ಇವರಿಗೆ ತಿಳಿಯದು. ಇವರು ನೆಲದಿಂದ ಒಂದು ಮೊಳ ಎತ್ತರಕ್ಕೆ ಅಂಗೈ ಹಿಡಿದು ತೋರಿಸಿ, ಆಮೇಲೆ ಮಣ್ಣನ್ನು ಮುಟ್ಟಿದರು. ಮುದುಕಿಯೂ ಅಂಗೈ ಹಿಡಿದಳು. ತನ್ನ ಭುಜದೆತ್ತರಕ್ಕೆ ಒಂದು ಸಲ, ಸೊಂಟದೆತ್ತರಕ್ಕೆ ಇನ್ನೊಂದು ಸಲ. ಅವಳೂ ಮಣ್ಣು ಮುಟ್ಟಿದಳು. ಜರ್ಮನಿಯವರು ಆ ದೇಶವನ್ನು ಹಿಡಿದಿದ್ದಾಗ ಬಂದ ಬರದಲ್ಲಿ ಅವಳ ಮಕ್ಕಳು ಅನ್ನವಿಲ್ಲದೆ ಸತ್ತರೆಂದು ಇವರಿಗೆ ಆಮೇಲೆ ಜೊತೆಯವರಿಂದ ತಿಳಿಯಿತು.

"ಅವಳು ಎದ್ದು ಹಿತ್ತಲಿಗೆ ಹೋದ್ಲು. ಇದನ್ನ ಮಾಡಿ, ದೊಡ್ಡಪತ್ರೆ ವಾಸನೇದೇ ಒಂದು ಸೊಪ್ಪು ಉದುರಿಸಿ, ತಂದು ಮುಂದಿಟ್ಲು. ಸಲಾತ ಅಂತಿದ್ಲು. ಮಾಂಸ ಮುಟ್ಟದೋನು ಅಂತ ಅವಳಿಗೆ ಹೆಂಗೆ ಗೊತ್ತಾಯ್ತೋ. ನಾನು ತಿನ್ನೋ ತನಕ ಎದ್ದುಹೋಗಲಿಲ್ಲ. ತಿಂದ ಮೇಲೇ ನನಗೆ ಅಳು ಬಂದಿದ್ದು."

ಆಮೇಲೆ ನನ್ನನ್ನು ಕೇಳಿದರು: "ಅವತ್ತು ನಿನಗೆ ಯಾರು ಉಣ್ಣಕ್ಕಿಟ್ರು, ನೀಲಾ?"

ಯಾರೂ ಇಟ್ಟಿರಲಿಲ್ಲ, ಅವ್ವ. ಮನೆ ತುಂಬ ಜನರಿದ್ದರು, ಆದರೂ ಇಟ್ಟಿರಲಿಲ್ಲ.

ತಿಂದೆ. ಹುಳಿ, ಉಪ್ಪು, ತಣ್ಣಗಿನ ಸೌತೆ, ನಾಲಿಗೆಗೆ ಅಂಟಿದ ಆ ಎಣ್ಣೆ. ಮಕ್ಕಳನ್ನು ಹಸಿವಿಗೆ ಕೊಟ್ಟವಳು ಸಮುದ್ರದಾಚೆಯಿಂದ ಬಂದ ಬೇರೆಯವರ ಮಗನಿಗೆ ತುತ್ತು ತೆಗೆದಿಟ್ಟಳು. ಆ ತುತ್ತು ನಮ್ಮ ಪುರದ ಒಲೆಯ ಪಕ್ಕಕ್ಕೆ ಬಂದು ನನ್ನ ಬಾಯಿ ಸೇರಿತು. ಇಂಥದ್ದು ಹೇಗೆ ಆಗುತ್ತದೆಂದು ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಅರ್ಧ ತಟ್ಟೆಯಾದಾಗ ನನಗೂ ಅಳು ಬಂತು. ಅತ್ತೆ ಗೋಡೆ ಬಿಟ್ಟು ಹತ್ತಿರ ಸರಿದು, "ನನಗೂ ಒಂಚೂರು ಹಾಕು, ರೇಣುಕ" ಎಂದು ಮಗನ ಮುಂದೆ ಕೈಯೊಡ್ಡಿದರು. ಇವರು, "ಕೂಸು ಯಾರ ಹಂಗಿತ್ತು?" ಎಂದು ಕೇಳಿದರು. ಸಂಜೆಯ ತನಕ ನಾನೂ ಅತ್ತೆಯೂ ಹೇಳಿದೆವು. ಅದರ ನಗು, ಅದರ ಹಟ, ಗಲ್ಲದ ಗುಳಿ, ಎಲ್ಲ.

ಉಳಿದಂತೆ ಎಲ್ಲರೂ ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು ಹೇಗಿದೆ ಎಂದು ಬರೆ.

ನಿನ್ನ ಮಗಳು
ನೀಲಾಂಬಿಕೆ

ಮತ್ತೆ: ಒಂದು ಮಾತು ಮುಚ್ಚಿಟ್ಟಿದ್ದೆ. ಇಲ್ಲಿರಲಾರೆ ಎಂದು ಬರೆದೆ, ಅಲ್ಲಿಗೆ ಬರುತ್ತೇನೆಂದು ಬರೆಯಲಿಲ್ಲ. ಅದನ್ನು ನೀನು ಗಮನಿಸಿರಬೇಕು. ಕೂಸಿಗೆ ನಿನ್ನ ಹೆಸರಿಟ್ಟಿದ್ದೆವಲ್ಲ. ಊರಿನಲ್ಲಿ ಯಾರಾದರೂ "ವೀರಬಸಮ್ಮಾ" ಎಂದು ನಿನ್ನನ್ನು ಕೂಗಿದರೆ ನಾನು ಹೇಗೆ ತಡೆಯಲಿ ಎಂದು ಹೆದರಿ ಇಷ್ಟು ದಿನ ತವರಿಗೆ ಕಾಲಿಡಲಿಲ್ಲ. ನಿನ್ನ ಮೇಲೆ ಸಿಟ್ಟೆಂದು ನೀನು ತಿಳಿದಿದ್ದೀಯೆ. ಶುಕ್ರವಾರ ಸಂಜೆ ಇವರು ಆ ಹೆಸರು ಹಿಡಿದು ಕೂಸನ್ನು ಕರೆದರು, ನಾನು ತಡೆದುಕೊಂಡೆ. ಮುಂದಿನ ಸೋಮವಾರದ ಬಸ್ಸಿಗೆ ಇಬ್ಬರೂ ಬರುತ್ತೇವೆ. ಮೊಸರು ಕಟ್ಟಿಡು.