ಸೀಟಿಗೆ ಹಾಕಿದ ಟವೆಲ್

ಅಪ್ಪಾ,

ಮಸ್ಕತ್ತಿನ ವಿಮಾನ ಇನ್ನೂ ಹೊರಟಿಲ್ಲ. ಎಲ್ಲರಿಗಿಂತ ಮೊದಲು ಹತ್ತಲು ಭಾವ ಹೆಚ್ಚು ದುಡ್ಡು ಕಟ್ಟಿದ್ದರು. ಮದುವೆಯಾದ ಮೇಲೂ ಬಾಯಿಗೆ ‘ಭಾವ’ ಎಂದೇ ಬರುತ್ತದೆ, ಬೈಯಬೇಡಿ.

“ಮೊದ್ಲು ಹೋದ್ರೆ ಬ್ಯಾಗಿಡೋಕೆ ಜಾಗ ಸಿಗುತ್ತೆ ಕಣೇ” ಅಂದರು. ಸಿಕ್ಕಿತು. ಆದರೆ ಇಲ್ಲಿ ಪ್ರತಿ ಸೀಟಿಗೂ ನಂಬರ್ ಇದೆ, ಯಾರೂ ಯಾರ ಸೀಟನ್ನೂ ಕಿತ್ತುಕೊಳ್ಳುವುದಿಲ್ಲ. ಮೊದಲು ಬಂದವರು ಹೆಚ್ಚು ಹೊತ್ತು ಕೂತಿರಬೇಕು, ಅಷ್ಟೇ. ನಾನು ಕಿಟಕಿಯ ಪಕ್ಕ, ತೊಡೆಯ ಮೇಲೆ ಅಕ್ಕನ ಮಗು ಮಲಗಿದೆ, ಆ ಕಡೆ ಭಾವ. ಏಳಲು ದಾರಿಯಿಲ್ಲ. ಈ ಕಿಟಕಿ ತೆರೆಯುವುದೂ ಇಲ್ಲ.

ತಾಯಲೂರಿನಲ್ಲಿ ಕೋಲಾರದ ಬಸ್ಸು ನಿಲ್ಲುವ ಮುಂಚೆಯೇ ನೀವು ಓಡಿಹೋಗಿ, ಕಿಟಕಿಯೊಳಗೆ ಟವೆಲ್ ಎಸೆದು ನಮಗೆ ಸೀಟು ಹಿಡಿಯುತ್ತಿದ್ದದ್ದು ನೆನಪಾಯಿತು. ಅಕ್ಕನ ತಿಥಿಯ ದಿನವೂ ಹಾಗೆಯೇ ಅವಸರ ಮಾಡಿದಿರಿ. “ಬೇರೆ ಯಾವಳೋ ಬಂದು ಕೂತ್ಕೊಳ್ಳೋಕೆ ಮುಂಚೆ ನೀನು ಹೋಗಮ್ಮ, ಮಗು ನಮ್ದು” ಅಂದಿರಿ. ಎಸೆಯುವ ಮುಂಚೆ ಟವೆಲ್ಲನ್ನು ಯಾರೂ ಕೇಳುವುದಿಲ್ಲ.

ಭಾವ ಕೆಟ್ಟವರಲ್ಲ. ಮಗು ನನ್ನ ಸೆರಗು ಬಿಡುವುದಿಲ್ಲ. ನನ್ನ ಬಿ.ಎಡ್. ಪುಸ್ತಕಗಳನ್ನು ತಂಗಿ ಧನುಗೆ ಕೊಡಿ. ಇಳಿದ ಮೇಲೆ ಈ ಕಾಗದದ ಫೋಟೋ ಅವಳ ಫೋನಿಗೆ ಕಳಿಸುತ್ತೇನೆ, ಅವಳ ಕೈಲೇ ಓದಿಸಿಕೊಳ್ಳಿ.

ಇನ್ನೊಂದು ಮಾತು. ನಾಳೆಯಿಂದ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಧನುಗೆ ಸೀಟು ಹಿಡಿಯಬೇಡಿ. ಕೋಲಾರದವರೆಗೂ ಅವಳು ನಿಂತುಕೊಂಡೇ ಹೋಗಲಿ.

ನಿಮ್ಮ ಎರಡನೇ ಮಗಳು,
ತುಳಸಿ