ಹತ್ತಿದಲ್ಲೇ ಇಳಿಸುವ ದೋಣಿ

ಏಕಸಂಬಿ, ೧೯೯೧

ಅಪ್ಪಾ,

ನೀನು ತೀರಿಕೊಂಡ ಮೇಲೆ ಅವ್ವ ನೀರಿನ ಹತ್ತಿರವೇ ಹೋಗಿರಲಿಲ್ಲ. ಮೊನ್ನೆ ಕಾರವಾರಕ್ಕೆ ಕರೆದುಕೊಂಡು ಹೋಗಿ, ದಿನವಿಡೀ ನಮ್ಮಿಬ್ಬರಿಗೇ ಅಂತ ಒಂದು ದೋಣಿ ಬಾಡಿಗೆ ಹಿಡಿದೆ. ದುಂದು ಅಂತ ಬೈಯಬೇಡ.

"ಎಲ್ಲಿಗೆ ಹೋಗುವಾ ಅಮ್ಮ?" ಅಂತ ದೋಣಿಯವನು ಕೇಳಿದ.

"ಆಚಿ ದಂಡಿಗೆ ನಡಿಯಪಾ," ಅಂದಳು ಅವ್ವ.

ಇಲ್ಲಿ ಆಚೆ ದಂಡೆ ಇಲ್ಲ, ಸುಮ್ಮನೆ ಸುತ್ತಾಡಿ ಹತ್ತಿದಲ್ಲಿಗೇ ಬರುವುದು ಅಂತ ಅವನು ತಿಳಿಸಿ ಹೇಳಿದ. ಅವ್ವ ನನ್ನ ಮುಖ ನೋಡಿದಳು. ನನಗೂ ಅದೇ ನೆನಪಾಗಿತ್ತು. ನೀನು ದೂಧಗಂಗೆಯಲ್ಲಿ ದೋಣಿ ನಡೆಸಿ ಊರನ್ನೆಲ್ಲ ದಾಟಿಸುತ್ತಿದ್ದಾಗ, ಬುತ್ತಿ ತಂದ ಅವ್ವ ಒಮ್ಮೆ, "ನನ್ನೂ ಒಂದ್ ಸುತ್ತ ತಿರುಗಿಸ್ಕೊಂಡ ಬರ್ರಿ" ಅಂದಿದ್ದಳು.

"ದಾಟೂದಿದ್ರ ಹತ್ತು, ಇಲ್ಲಂದ್ರ ಮನಿಗಿ ನಡಿ," ಅಂದಿದ್ದೆ ನೀನು. ಆಮೇಲೆ ಅವಳು ಕೇಳಲೇ ಇಲ್ಲ.

ಕೊಲ್ಲಿಯೊಳಗಿನ ದ್ವೀಪ ಬಳಸಿ, ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾ ಹಿಂಡಿ ದೋಣಿಯಲ್ಲೇ ಉಂಡು, ಬಿಸಿಲಿಳಿಯುವಾಗ ದಂಡೆಗೆ ಬಂದೆವು. ನಾನು ಇಳಿದೆ. ಅವ್ವ ಏಳಲಿಲ್ಲ. ಸೆರಗನ್ನು ಬಾಯಿಗೆ ಹಿಡಿದು ಮೆಲ್ಲಗೆ ಅಂದಳು:

"ಇನ್ನೊಂದ್ ಸುತ್ತ ಹಾಕೂಣೇನ? ನಿಮ್ಮಪ್ಪಗ ಹೇಳಬ್ಯಾಡ."